ಲೆನ್ಸಿನ ಹೆತ್ತ ಮನೆ ಯಾವುದು? ಹಳೇ ಲೆನ್ಸ್ ಮಾಡಿದವರನ್ನು ಹುಡುಕುವ ನಾಲ್ಕು ದಾರಿಗಳು

ನನ್ನ ಮೇಜಿನ ಮೇಲೆ ಈಗ ಎರಡು ಹಳೇ ಜೂಮ್ ಲೆನ್ಸ್ ಕೂತಿವೆ. ಎರಡರ ಮೂತಿಯ ಮೇಲೂ ಒಂದೇ ಬರಹ: ವಿವಿಟಾರ್ ಸೀರೀಸ್ 1, 70-210 ಮಿ.ಮೀ., ಎಫ್/3.5 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ). ಆದರೆ ಒಂದರ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲ. ಒಂದಕ್ಕೆ 67 ಮಿ.ಮೀ. ಫಿಲ್ಟರ್ ಬೇಕು, ಇನ್ನೊಂದಕ್ಕೆ 62. ಕೈಯಲ್ಲಿ ಹಿಡಿದರೆ ತೂಕ ಬೇರೆ, ರಿಂಗ್ ತಿರುಗಿಸಿದರೆ ಬಿಗಿ ಬೇರೆ. 67ರದ್ದು ಕಿನೋ ಪ್ರಿಸಿಷನ್ ಮಾಡಿದ್ದು. 62ರದ್ದು ಟೋಕಿನಾ ಮಾಡಿದ್ದು. ವಿವಿಟಾರ್ ಎರಡನ್ನೂ ಮಾಡಿಲ್ಲ, ಮಾರಿದೆ ಅಷ್ಟೇ.

ವಿವಿಟಾರ್ ಅನ್ನುವುದು ಒಂದು ಹೆಸರು. ಅದರ ಹಿಂದಿದ್ದದ್ದು ಅಮೆರಿಕದ ಪಾಂಡರ್ ಅಂಡ್ ಬೆಸ್ಟ್ ಎಂಬ ಆಮದು ಕಂಪನಿ. ಮ್ಯಾಕ್ಸ್ ಪಾಂಡರ್ ಮತ್ತು ಜಾನ್ ಬೆಸ್ಟ್ 1938ರಲ್ಲಿ ಶುರು ಮಾಡಿದ್ದು. ಹೊರಗಿನ ಕಾರ್ಖಾನೆಗಳಿಂದ, ಹೆಚ್ಚಾಗಿ ಜಪಾನಿನಿಂದ, ಸಾಮಾನು ಮಾಡಿಸಿ ತಮ್ಮ ಹೆಸರು ಹಾಕಿ ಮಾರುತ್ತಿದ್ದರು. ಇದರಲ್ಲಿ ಮೋಸ ಏನೂ ಇಲ್ಲ. 1960ರಿಂದ 80ರ ದಶಕದವರೆಗೆ ಇದೇ ಮಾಮೂಲಿ ಪದ್ಧತಿ. ಅಮೆರಿಕದ ಸಿಯರ್ಸ್, ಜರ್ಮನಿಯ ಫೋಟೋ ಪೋರ್ಸ್ಟ್ ಮತ್ತು ಫೋಟೋ ಕ್ವೆಲ್ಲೆ, ಇಂಗ್ಲೆಂಡಿನ ಡಿಕ್ಸನ್ಸ್, ಆಸ್ಟ್ರೇಲಿಯಾದ ಹ್ಯಾನಿಮೆಕ್ಸ್, ಎಲ್ಲರೂ ಹೀಗೇ ಮಾಡಿದರು. ಕ್ವೆಲ್ಲೆಯ ಲೆನ್ಸ್ ರೆವ್ಯೂನಾನ್ ಆಯಿತು, ಡಿಕ್ಸನ್ಸ್‌ನದ್ದು ಪ್ರಿನ್ಜ್ ಆಯಿತು. ಹೆತ್ತವಳು ದೇವಕಿ, ಸಾಕಿದವಳು ಯಶೋದೆ. ನಮಗೆ ಕಾಣುವುದು ಯಶೋದೆಯ ಮನೆ ಮಾತ್ರ.

ದೊಡ್ಡ ಹೆಸರುಗಳೂ ಇದಕ್ಕೆ ಹೊರತಲ್ಲ. ಲೈಕಾದ 24 ಮಿ.ಮೀ. ಎಲ್ಮರಿಟ್-ಆರ್ ಒಳಗಿನ ಗಾಜಿನ ಲೆಕ್ಕ, ಅಂದರೆ ಯಾವ ಆಕಾರದ ಗಾಜು ಎಲ್ಲಿ ಕೂರಬೇಕು ಅನ್ನುವ ವಿನ್ಯಾಸ, ಮಿನೋಲ್ಟಾದ್ದು. ನಿಕಾನ್ ಎಫ್‌ಎಂ10 ಕ್ಯಾಮೆರಾ ಮಾಡಿದ್ದು ಕೊಸಿನಾ. ಹಾಗಾಗಿ 'ಬೇರೆಯವರು ಮಾಡಿದ್ದು' ಅಂದ ತಕ್ಷಣ ಮೂಗು ಮುರಿಯಬೇಕಿಲ್ಲ.

ಹುಡುಕುವ ಮೊದಲು ಒಂದು ಮಾತು. 'ಯಾರು ಮಾಡಿದ್ದು' ಅನ್ನುವ ಪ್ರಶ್ನೆಯೊಳಗೆ ಮೂವರು ಇರುತ್ತಾರೆ: ಗಾಜಿನ ಲೆಕ್ಕ ಹಾಕಿದವರು, ಲೆನ್ಸ್ ಜೋಡಿಸಿದವರು, ಹೆಸರು ಹಾಕಿ ಮಾರಿದವರು. ನನ್ನ 67 ಮಿ.ಮೀ. ಲೆನ್ಸಿನಲ್ಲಿ ಮೂವರೂ ಬೇರೆ ಬೇರೆ. ಲೆಕ್ಕ ಹಾಕಿದ್ದು ಅಮೆರಿಕದಲ್ಲಿ, ಎಲ್ಲಿಸ್ ಬೆಟೆನ್ಸ್‌ಕಿ ಅವರ ಆಪ್ಕಾನ್ ಸಂಸ್ಥೆ. ಜೋಡಿಸಿದ್ದು ಜಪಾನಿನ ಕಿನೋ. ಮಾರಿದ್ದು ವಿವಿಟಾರ್. 1975ರಿಂದ ಬಂದ ಕಾಂಟ್ಯಾಕ್ಸ್ ಕ್ಯಾಮೆರಾಗಳ ಜೈಸ್ ಲೆನ್ಸ್‌ಗಳದ್ದೂ ಹಾಗೇ. ಲೆಕ್ಕ ಜರ್ಮನಿಯದ್ದು, ಬಹುಪಾಲಿನ ಕೈಕೆಲಸ ಜಪಾನಿನ ತೊಮಿಯೋಕಾದ್ದು. ಚಿತ್ರದ ಗುಣ ಬಹುಮಟ್ಟಿಗೆ ಲೆಕ್ಕದಿಂದ ಬರುತ್ತದೆ. ರಿಂಗ್ ನುಣ್ಣಗೆ ತಿರುಗುವುದು, 40 ವರ್ಷ ಬಾಳುವುದು ಜೋಡಿಸಿದವರ ಕೈಯಿಂದ ಬರುತ್ತದೆ. ನಮ್ಮ ಹುಡುಕಾಟ ಹೆಚ್ಚಾಗಿ ಈ ಎರಡನೆಯವರದ್ದು.

ಮೊದಲ ದಾರಿ: ಸೀರಿಯಲ್ ನಂಬರ್

ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಬೇಗ. ಆದರೆ ಚೆನ್ನಾಗಿ ನಡೆಯುವುದು ವಿವಿಟಾರ್‌ಗೆ ಮಾತ್ರ. ಸುಮಾರು 1970ರಿಂದ 1990ರವರೆಗಿನ ವಿವಿಟಾರ್ ಲೆನ್ಸ್‌ಗಳ ಸೀರಿಯಲ್ ನಂಬರಿನಲ್ಲಿ ಮೊದಲ ಎರಡು ಅಂಕಿ ತಯಾರಕರ ಗುರುತು. ಮೂರನೆಯದು ವರ್ಷದ ಕೊನೆಯ ಅಂಕಿ. ನಾಲ್ಕು ಮತ್ತು ಐದನೆಯವು ಆ ವರ್ಷದ ಎಷ್ಟನೇ ವಾರ ಅನ್ನುವುದು. ಉಳಿದದ್ದು ಲೆನ್ಸಿನ ಸ್ವಂತ ಸಂಖ್ಯೆ.

22617ರಿಂದ ಶುರುವಾಗುವ ನಂಬರ್ ಸಿಕ್ಕಿತು ಅಂತಿಟ್ಟುಕೊಳ್ಳಿ. 22 ಅಂದರೆ ಕಿನೋ. 6 ಅಂದರೆ 1976. 17 ಅಂದರೆ ಹದಿನೇಳನೇ ವಾರ, ಅಂದರೆ ಏಪ್ರಿಲ್ ತಿಂಗಳ ಕೊನೆ. ನೆನಪಿಡಬೇಕಾದ ಗುರುತುಗಳು ಕೆಲವೇ: 22 ಕಿನೋ, 28 ಕೋಮಿನೆ, 37 ಟೋಕಿನಾ, 77 ಕೊಬೋರಿ, 9 ಕೊಸಿನಾ. ಉದ್ದ ಪಟ್ಟಿ ಇದೆ, ಆದರೆ ಕೈಗೆ ಜಾಸ್ತಿ ಸಿಗುವುದು ಇವೇ.

ಕೊಸಿನಾದ ಒಂದಂಕಿ ಗುರುತು ಹೊಸಬರನ್ನು ಎಡವಿಸುತ್ತದೆ. 9ರಿಂದ ಶುರುವಾದ ನಂಬರನ್ನು ಎರಡೆರಡಾಗಿ ಒಡೆದರೆ ಇಲ್ಲದ ಕಾರ್ಖಾನೆ ಹುಟ್ಟಿಕೊಳ್ಳುತ್ತದೆ. ಅಲ್ಲಿ ಮೊದಲ ಅಂಕಿಯೊಂದೇ ತಯಾರಕರದ್ದು, ಎರಡನೆಯದೇ ವರ್ಷ. ವರ್ಷದ ಅಂಕಿಯಲ್ಲೂ ಒಂದು ಗೊಂದಲ ಇದೆ. 7 ಅಂದರೆ 1977 ಇರಬಹುದು, 1987 ಇರಬಹುದು. ಅದನ್ನು ಲೆನ್ಸಿನ ಮೈ ನೋಡಿ ತೀರ್ಮಾನಿಸಬೇಕು. ಪೂರ್ತಿ ಲೋಹದ, ಭಾರವಾದ ಮೈ ಇದ್ದರೆ ಹಳೆಯ ದಶಕ. ಪ್ಲಾಸ್ಟಿಕ್ ಸೇರಿಕೊಂಡಿದ್ದರೆ ಮುಂದಿನದು.

ಈ ದಾರಿಯಲ್ಲಿ ನಾನೂ ಒಮ್ಮೆ ಬಿದ್ದಿದ್ದೇನೆ. ಮಾರುವವರು 'ಕಿರಾನ್ ಮಾಡಿದ್ದು, ಅಪರೂಪದ್ದು' ಅಂತ ಬರೆದಿದ್ದರು. ಕಿರಾನ್ ಅನ್ನುವುದು ಕಿನೋದ ಸ್ವಂತ ಹೆಸರು. ಫೋಟೋದಲ್ಲಿ ಮುಂದಿನ ರಿಂಗ್ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಖುಷಿಯಲ್ಲಿ ದೊಡ್ಡದು ಮಾಡಿ ನೋಡಲೇ ಇಲ್ಲ. ಲೆನ್ಸ್ ಮನೆಗೆ ಬಂದ ಮೇಲೆ ಕನ್ನಡಕ ಹಾಕಿಕೊಂಡು ಓದಿದರೆ ನಂಬರ್ ಶುರುವಾಗುವುದೇ 37ರಿಂದ. ಟೋಕಿನಾ! ಕೆಟ್ಟ ಲೆನ್ಸ್ ಏನಲ್ಲ, ಈಗಲೂ ಇಟ್ಟುಕೊಂಡಿದ್ದೇನೆ. ಆದರೆ ಅಂದಿನಿಂದ ಮಾರುವವರ ಮಾತಿಗಿಂತ ಮೊದಲು ಆ ಎರಡು ಅಂಕಿ ಓದುತ್ತೇನೆ. ಅಂಕಿ ಕಾಣದ ಫೋಟೋ ಇದ್ದರೆ ಇನ್ನೊಂದು ಫೋಟೋ ಕೇಳುತ್ತೇನೆ.

ಇದೇ ಕೀಲಿಯನ್ನು ಬೇರೆ ಹೆಸರುಗಳಿಗೂ ಹಾಕುವುದು ದೊಡ್ಡ ತಪ್ಪು. ಸೋಲಿಗೋರ್ ಲೆನ್ಸಿನ ನಂಬರ್ 22ರಿಂದ ಶುರುವಾದರೆ ಅದು ಕಿನೋ ಆಗುವುದಿಲ್ಲ. ಸೋಲಿಗೋರ್‌ನ ಪದ್ಧತಿಯೇ ಬೇರೆ. ಅಲ್ಲಿ ಮೊದಲ ಅಂಕಿ 1 ಇದ್ದರೆ ಟೋಕಿನಾ, 3 ಇದ್ದರೆ ಸನ್ ಅಂತ ಸಂಗ್ರಾಹಕರು ಓದುತ್ತಾರೆ. ಹ್ಯಾನಿಮೆಕ್ಸ್, ಪೋರ್ಸ್ಟ್, ಸಿಯರ್ಸ್ ಲೆನ್ಸ್‌ಗಳ ಮೇಲೆ ವಿವಿಟಾರ್ ಪಟ್ಟಿ ಹಿಡಿದು ಕೂತರೆ ಸುಮ್ನೆ ಕಾಲಹರಣ.

ಎರಡನೇ ದಾರಿ: ಅವಳಿ ಹುಡುಕುವುದು

ಸೀರಿಯಲ್ ನಂಬರ್ ಬಾಯಿ ಬಿಡದಿದ್ದಾಗ ನಾನು ಹಿಡಿಯುವ ದಾರಿ ಇದು. ಯೋಚನೆ ಸರಳ. ಒಂದು ಕಾರ್ಖಾನೆ ಒಂದೇ ಲೆನ್ಸನ್ನು ನಾಲ್ಕು ಹೆಸರಿಗೆ ಮಾಡಿಕೊಡುತ್ತಿತ್ತು. ಆ ನಾಲ್ಕರಲ್ಲಿ ಒಂದರ ಹುಟ್ಟು ಗೊತ್ತಾದರೆ ಉಳಿದ ಮೂರರದ್ದೂ ಗೊತ್ತಾದ ಹಾಗೆ.

ನನಗೆ ಇಷ್ಟವಾದ ಉದಾಹರಣೆ 105 ಮಿ.ಮೀ. ಮ್ಯಾಕ್ರೋ, ಅಂದರೆ ತೀರ ಹತ್ತಿರದಿಂದ ಫೋಟೋ ತೆಗೆಯುವ ಲೆನ್ಸ್. ಕಿನೋ 1980ರ ಸುಮಾರಿಗೆ ತನ್ನದೇ ಕಿರಾನ್ ಹೆಸರಿನಲ್ಲಿ ಲೆನ್ಸ್ ಮಾರಲು ಶುರು ಮಾಡಿತು. ಅದರಲ್ಲಿ 105 ಮಿ.ಮೀ. ಎಫ್/2.8 ಮ್ಯಾಕ್ರೋ ಹೆಸರುವಾಸಿ. ವಸ್ತುವಿನ ನಿಜ ಅಳತೆಯಷ್ಟೇ ದೊಡ್ಡ ಬಿಂಬವನ್ನು, ಅಂದರೆ 1:1, ಬೇರೆ ಏನೂ ಜೋಡಿಸದೆ ಕೊಡುತ್ತದೆ. ಇದೇ ಲೆನ್ಸ್ ಲೆಸ್ಟರ್ ಎ. ಡೈನ್ ಹೆಸರಿನಲ್ಲೂ ಬಂತು. ಡೈನ್ ಅಂದರೆ ಹಲ್ಲಿನ ಡಾಕ್ಟರುಗಳಿಗೆ ಕ್ಯಾಮೆರಾ ಸಾಮಾನು ಒದಗಿಸುತ್ತಿದ್ದ ಕಂಪನಿ. ಹಲ್ಲಿನ ಹತ್ತಿರದ ಫೋಟೋಗೆ ಇದಕ್ಕಿಂತ ಒಳ್ಳೆ ಲೆನ್ಸ್ ಬೇಕೇ? ವಿವಿಟಾರ್ ಸೀರೀಸ್ 1ರಲ್ಲಿ ಅದೇ 105 ಎಫ್/2.5 ಅಂತ ಬಂತು. ಅದರ ಸೀರಿಯಲ್ ನಂಬರ್ 22ರಿಂದ ಶುರು. ಅಲ್ಲಿಗೆ ಗಂಟು ಬಿಚ್ಚಿತು. ಆದರೆ ಗಮನಿಸಿ, ಒಂದೇ ಮನೆಯ ಲೆನ್ಸ್ ಆದರೂ ಮೂತಿಯ ಮೇಲಿನ ಎಫ್ ಸಂಖ್ಯೆ ಒಂದರಲ್ಲಿ 2.8, ಇನ್ನೊಂದರಲ್ಲಿ 2.5. ಬರಹವನ್ನೇ ನಂಬಿದವರು ಇಲ್ಲಿ ಅವಳಿಯನ್ನು ಕಳೆದುಕೊಳ್ಳುತ್ತಾರೆ.

ಟೋಕಿನಾದ 90 ಮಿ.ಮೀ. ಎಫ್/2.5 ಇದಕ್ಕಿಂತ ಒಳ್ಳೆ ಪಾಠ. ಟೋಕಿನಾ ಅದನ್ನು ಎಟಿ-ಎಕ್ಸ್ ಸಾಲಿನಲ್ಲಿ ಮಾರಿತು. ಅಭಿಮಾನಿಗಳು ಪ್ರೀತಿಯಿಂದ 'ಬೋಕಿನಾ' ಅನ್ನುತ್ತಾರೆ. ವಿವಿಟಾರ್ ಸೀರೀಸ್ 1ರ 90 ಎಫ್/2.5 ಅದರ ಅಣ್ಣ. ಆದರೆ ಮೈಕಟ್ಟು ನೋಡಿದರೆ ಸಂಬಂಧಿಕರು ಅಂತಲೂ ಅನ್ನಿಸುವುದಿಲ್ಲ. ವಿವಿಟಾರ್‌ಗೆ 58 ಮಿ.ಮೀ. ಫಿಲ್ಟರ್, ಎಟಿ-ಎಕ್ಸ್‌ಗೆ 55. ಮೈ ಬೇರೆ, ಒಳಗಿನ ಗಾಜಿನ ಲೆಕ್ಕ ಒಂದೇ. ಕಾರ್ಖಾನೆಗಳು ಗಿರಾಕಿಗೆ ತಕ್ಕಂತೆ ಅಂಗಿ ಹೊಲಿದು ಕೊಡುತ್ತಿದ್ದವು. ಫಿಲ್ಟರ್ ಅಳತೆ ಹೊಂದಲಿಲ್ಲ ಅಂತ ಅವಳಿಯಲ್ಲ ಅಂದುಬಿಡುವ ಹಾಗಿಲ್ಲ.

ಹಾಗಾದರೆ ಹೋಲಿಸುವುದು ಏನನ್ನು? ನಾನು ನೋಡುವುದು ಇವನ್ನು: ಅತಿ ಹತ್ತಿರದ ಫೋಕಸ್ ದೂರ, ಅಪರ್ಚರ್ ಬ್ಲೇಡುಗಳ (ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ತೆಳು ತಗಡುಗಳ) ಎಣಿಕೆ, ಮುಂದಿನ ಮತ್ತು ಹಿಂದಿನ ಗಾಜಿನ ಅಗಲ, ಫೋಕಸ್ ರಿಂಗ್ ತಿರುಗುವ ದಿಕ್ಕು ಮತ್ತು ತಿರುಗುವಷ್ಟು ದೂರ, ಫೋಕಸ್ ಮಾಡುವಾಗ ಮುಂದಿನ ಗಾಜು ಸುತ್ತುತ್ತದೆಯೋ ಇಲ್ಲವೋ. ಇವು ಅಂಗಿಯ ವಿಷಯವಲ್ಲ, ಎಲುಬಿನ ವಿಷಯ. ಮೂರು ಹೊಂದಿದರೆ ಅನುಮಾನ, ಐದೂ ಹೊಂದಿದರೆ ನಂಬಿಕೆ. ಒಂದೇ ಒಂದು ಹೊಂದಿದ್ದಕ್ಕೆ 'ಪತ್ತೆಯಾಯಿತು' ಅಂತ ಕುಣಿದರೆ ನಾಳೆ ನಾಚಿಕೆ ಪಡಬೇಕಾಗುತ್ತದೆ.

ಪೂರ್ವ ಜರ್ಮನಿಯ ಲೆನ್ಸ್‌ಗಳಲ್ಲಿ ಈ ಅವಳಿ ಆಟ ಇನ್ನೂ ಸುಲಭ. ಮೇಯರ್ ಆಪ್ಟಿಕ್ 1968ರಲ್ಲಿ ಪೆಂಟಕಾನ್‌ಗೆ ಸೇರಿಹೋಯಿತು. ಹಾಗಾಗಿ ಒರೆಸ್ಟನ್ 50 ಎಫ್/1.8 ಮುಂದೆ ಪೆಂಟಕಾನ್ 50 ಎಫ್/1.8 ಆಯಿತು. ಒರೆಸ್ಟೆಗಾನ್ 29 ಎಫ್/2.8 ಕೂಡ ಹಾಗೇ ಪೆಂಟಕಾನ್ ಆಯಿತು. 29 ಮಿ.ಮೀ. ಅನ್ನುವ ಈ ವಿಚಿತ್ರ ಅಳತೆಯೇ ಒಂದು ಸುಳಿವು. ಜಪಾನಿನವರೆಲ್ಲ 28 ಅಂತ ಬರೆಯುವಾಗ ಅಂಗಡಿ ಹೆಸರಿನ ಲೆನ್ಸಿನ ಮೇಲೆ 29 ಕಂಡರೆ ಮೊದಲ ಅನುಮಾನ ಎತ್ತ ಹೋಗಬೇಕು ಅಂತ ಹೇಳಬೇಕಿಲ್ಲ, ಅಲ್ವಾ?

ಮೂರನೇ ದಾರಿ: ಮೈಮೇಲಿನ ಗುರುತುಗಳು

ಬೇಗ ಆಗುವ ಕೆಲಸ, ಆದರೆ ಸುಳ್ಳು ಹೇಳುವುದೂ ಇದೇ ಜಾಸ್ತಿ. ರಬ್ಬರ್ ಹಿಡಿಯ ಚೌಕ, ಅಂಕಿಗಳ ಅಕ್ಷರ, ಬಣ್ಣ ನೋಡಿ 'ಇದು ಕೋಮಿನೆಯದ್ದೇ' ಅನ್ನುವವರಿದ್ದಾರೆ. ನೂರಾರು ಲೆನ್ಸ್ ಕೈಯಲ್ಲಿ ಹಿಡಿದವರಿಗೆ ಅದು ಸಾಧ್ಯವಿರಬಹುದು. ನಮಗೆ ಅದು ಸುಳಿವು ಮಾತ್ರ, ಸಾಕ್ಷಿಯಲ್ಲ. ರಬ್ಬರನ್ನು ಬೇರೆಯವರಿಂದ ತರಿಸುತ್ತಿದ್ದರು. ಅಂಕಿಯ ಬಣ್ಣವನ್ನು ಮಾರುವವರು ಹೇಳಿದಂತೆ ಹಾಕುತ್ತಿದ್ದರು.

ಮೌಂಟಿನಿಂದಲೂ, ಅಂದರೆ ಲೆನ್ಸನ್ನು ಕ್ಯಾಮೆರಾಗೆ ಸಿಕ್ಕಿಸುವ ಭಾಗದಿಂದಲೂ, ಜನ ದಾರಿ ತಪ್ಪುತ್ತಾರೆ. ಟಿ-ಮೌಂಟ್ ಶುರು ಮಾಡಿದ್ದು 1957ರಲ್ಲಿ ತ್ಯಾಮ್ರಾನ್, ಆಗಿನ ಹೆಸರಿನಲ್ಲಿ ತೈಸೇ ಕೋಗಾಕು. ಆದರೆ ಆ ತಿರುಪನ್ನು ಮುಂದೆ ಎಲ್ಲರೂ ಬಳಸಿಕೊಂಡರು. ಟಿ-ಮೌಂಟ್ ಇದೆ ಅಂದ ಮಾತ್ರಕ್ಕೆ ತ್ಯಾಮ್ರಾನ್ ಅಲ್ಲ. ಅಡಾಪ್ಟಾಲ್ ಅನ್ನುವ, ಕ್ಯಾಮೆರಾಗೆ ತಕ್ಕಂತೆ ಬದಲಿಸುವ ಮೌಂಟ್ ಮಾತ್ರ ನಂಬಬಹುದಾದ ಗುರುತು. 1973ರ ಅಡಾಪ್ಟಾಲ್, 1979ರ ಅಡಾಪ್ಟಾಲ್-2, ಎರಡೂ ತ್ಯಾಮ್ರಾನ್‌ನದ್ದೇ. ಟಿ4 ಮೌಂಟ್ ಕಂಡರೆ ಟೋಕಿನಾದ ಕಡೆ ನೋಡಿ. ಅದನ್ನು ವಿವಿಟಾರ್, ಸೋಲಿಗೋರ್ ಇಬ್ಬರೂ ಮಾರಿದರು.

ಚಿನ್ನದ ಬಣ್ಣದ, ಮೊಟ್ಟೆಯಾಕಾರದ 'ಪಾಸ್ಡ್' ಚೀಟಿ ಕಂಡು ಖುಷಿಪಡುವವರಿಗೆ ಒಂದು ಮಾತು. ಅದು ಜಪಾನಿನ ರಫ್ತು ತಪಾಸಣೆಯ ಚೀಟಿ. ಲೆನ್ಸ್ ಜಪಾನಿನಿಂದ ತಪಾಸಣೆಯಾಗಿ ಹೊರಟಿತು ಅಂತ ಮಾತ್ರ ಹೇಳುತ್ತದೆ. ಯಾರ ಮನೆಯಿಂದ ಅಂತ ಹೇಳುವುದಿಲ್ಲ.

ಕೆಲವೊಮ್ಮೆ ಹೆಸರೇ ಮೈಮೇಲೆ ಸಿಗುತ್ತದೆ. ಆಟೋ ರೆವ್ಯೂನಾನ್, ಆಟೋ ಚಿನಾನ್ 55 ಮಿ.ಮೀ. ಲೆನ್ಸ್‌ಗಳಲ್ಲಿ ಕೆಲವುಗಳ ಮೂತಿಯ ಮೇಲೆ ತೊಮಿಯೋಕಾ ಅಂತಲೇ ಕೆತ್ತಿದೆ. ಅಂಥದ್ದಕ್ಕೆ ಬೇಡಿಕೆ ಜಾಸ್ತಿ. ಅದಕ್ಕೇ ಕೆತ್ತನೆ ಇಲ್ಲದ ಯಾವ 55 ಎಫ್/1.2 ಕಂಡರೂ ಅದನ್ನು ತೊಮಿಯೋಕಾ ಅಂತ ಮಾರುವ ಚಾಳಿ ಶುರುವಾಗಿದೆ. ಎಫ್/1.2 ಅನ್ನುವುದು ಒಂದು ಅಳತೆ, ಸಹಿ ಅಲ್ಲ.

ನಾಲ್ಕನೇ ದಾರಿ: ಟಾರ್ಚ್

ಎರಡು ಲೆನ್ಸ್ ಕೈಯಲ್ಲಿದ್ದರೆ ಇದಕ್ಕಿಂತ ಗಟ್ಟಿ ಪರೀಕ್ಷೆ ಇಲ್ಲ, ಲೆನ್ಸ್ ಬಿಚ್ಚುವುದೊಂದನ್ನು ಬಿಟ್ಟು. ಕೋಣೆಯ ದೀಪ ಆರಿಸಿ. ಅಪರ್ಚರ್ ಪೂರ್ತಿ ತೆರೆದಿಡಿ. ಫೋಕಸ್ ಅನಂತಕ್ಕೆ ತಿರುಗಿಸಿ. ಫೋನಿನ ಟಾರ್ಚನ್ನು ಮುಂದಿನ ಗಾಜಿನ ಮೇಲೆ ಸ್ವಲ್ಪ ಓರೆಯಾಗಿ ಹಿಡಿದು ಒಳಗೆ ನೋಡಿ. ಸಾಲಾಗಿ ಚುಕ್ಕಿಗಳು ಕಾಣುತ್ತವೆ. ಗಾಜು ಗಾಳಿಗೆ ತಾಗುವ ಪ್ರತಿ ಮುಖಕ್ಕೂ ಒಂದು ಚುಕ್ಕಿ. ಎರಡು ಗಾಜನ್ನು ಅಂಟಿಸಿದ ಕಡೆ ಚುಕ್ಕಿ ಇರುತ್ತದೆ, ಆದರೆ ತುಂಬ ಮಂಕು. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಕಂಡೀತು. ಟಾರ್ಚ್ ಅಲ್ಲಾಡಿಸಿದರೆ ಕೆಲವು ಚುಕ್ಕಿ ಬೆಳಕಿನ ಜೊತೆಗೇ ಸಾಗುತ್ತವೆ, ಕೆಲವು ಎದುರು ದಿಕ್ಕಿಗೆ ಓಡುತ್ತವೆ. ಮುಖ ಉಬ್ಬಿದೆಯೋ ತಗ್ಗಿದೆಯೋ ಅನ್ನುವುದರ ಮೇಲೆ ಅದು ನಿಂತಿದೆ.

ಎರಡೂ ಲೆನ್ಸನ್ನು ಪಕ್ಕಪಕ್ಕ ಇಟ್ಟು ಹೀಗೆ ನೋಡಿ. ಚುಕ್ಕಿಗಳ ಎಣಿಕೆ, ಗಾತ್ರದ ಕ್ರಮ, ಓಡುವ ದಿಕ್ಕು ಒಂದೇ ಇದ್ದರೆ ಒಳಗಿನ ಲೆಕ್ಕ ಒಂದೇ. ಬಣ್ಣ ಹೊಂದದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಗಾಜಿನ ಮೇಲಿನ ತೆಳು ಲೇಪ, ಅಂದರೆ ಕೋಟಿಂಗ್, ವರ್ಷದಿಂದ ವರ್ಷಕ್ಕೆ ಬದಲಾಗುತ್ತಿತ್ತು. ಒಂದರಲ್ಲಿ ನೇರಳೆ, ಇನ್ನೊಂದರಲ್ಲಿ ಹಸಿರು ಕಂಡರೂ ಅವಳಿಗಳೇ ಇರಬಹುದು.

ತೊಂದರೆ ಏನೆಂದರೆ ಲೆಕ್ಕ ಒಂದೇ ಇದ್ದರೂ ಜೋಡಿಸಿದವರು ಒಬ್ಬರೇ ಅಂತ ಇದು ಸಾಬೀತು ಮಾಡುವುದಿಲ್ಲ. ಜೂಮ್ ಲೆನ್ಸಿನಲ್ಲಂತೂ ಚುಕ್ಕಿಗಳ ಜಾತ್ರೆಯೇ ನೆರೆದಿರುತ್ತದೆ, ಎಣಿಸಿ ಮುಗಿಯುವುದಿಲ್ಲ.

ಯಾವಾಗ ಯಾವುದು?

ಫೋಟೋ ನೋಡಿ ಕೊಳ್ಳುವಾಗ, ಹೆಸರು ವಿವಿಟಾರ್ ಇದ್ದರೆ, ಸೀರಿಯಲ್ ನಂಬರ್ ಒಂದೇ ಸಾಕು. ಮಿಕ್ಕ ದಾರಿ ನೋಡುವ ಅಗತ್ಯವೇ ಇಲ್ಲ. ಹೆಸರು ಬೇರೆ ಇದ್ದರೆ ಅವಳಿ ಹುಡುಕಿ, ಹತ್ತಿರದ ಫೋಕಸ್ ದೂರ ಮತ್ತು ಬ್ಲೇಡುಗಳ ಫೋಟೋ ಕೇಳಿ. ಲೆನ್ಸ್ ಕೈಗೆ ಬಂದ ಮೇಲೆ ಅನುಮಾನ ಉಳಿದಿದ್ದರೆ ಟಾರ್ಚ್. ಮೈಮೇಲಿನ ಗುರುತನ್ನು ಇವುಗಳ ಜೊತೆಗೆ ಇಟ್ಟುಕೊಳ್ಳಿ, ಒಂಟಿಯಾಗಿ ಬೇಡ. ಸೀರಿಯಲ್ ನಂಬರ್ ಒಂದು ಹೇಳಿ ಮೈ ಇನ್ನೊಂದು ಹೇಳಿದರೆ ಹುಷಾರು. ರಿಪೇರಿ ಮಾಡುವಾಗ ಬೇರೆ ಲೆನ್ಸಿನ ಮುಂದಿನ ರಿಂಗ್ ಹಾಕಿರಬಹುದು.

ಪತ್ತೆ ಆದ ಮೇಲೆ ಏನು ಕೊಳ್ಳುವುದು?

70-210 ಜೂಮಿಗೇ ಮತ್ತೆ ಬರೋಣ. ಕಿನೋ ಮತ್ತು ಟೋಕಿನಾ ಆದ ಮೇಲೆ ಮೂರನೆಯದು ಕೋಮಿನೆಯಿಂದ ಬಂತು. ಎಫ್/2.8-4, ಫಿಲ್ಟರ್ 62. ನಾಲ್ಕನೆಯದು ಕೊಸಿನಾದ್ದು. ಅದೂ ಎಫ್/2.8-4, ಆದರೆ ಫಿಲ್ಟರ್ 58. ಎಫ್ ಸಂಖ್ಯೆ ಮತ್ತು ಫಿಲ್ಟರ್ ಎರಡನ್ನೂ ಕೂಡಿಸಿದರೆ ಸೀರಿಯಲ್ ನಂಬರ್ ಇಲ್ಲದೆಯೂ ನಾಲ್ಕನ್ನೂ ಬೇರೆ ಮಾಡಬಹುದು. ಬಳಸಲು ಒಂದೇ ಬೇಕು ಅಂದರೆ ನಾನು ಕೋಮಿನೆಯದ್ದನ್ನು ತೆಗೆದುಕೊಳ್ಳುತ್ತೇನೆ. 70ರ ತುದಿಯಲ್ಲಿ ಎಫ್/2.8 ಸಿಗುತ್ತದೆ, ಮೈ ಗಟ್ಟಿ ಇದೆ. ಕಿನೋದ್ದು ಕೈ ನೋಯಿಸುವಷ್ಟು ಭಾರ. ಆದರೂ ಕಪಾಟಿನಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಇದಕ್ಕೆ ಕಾರಣ ಕೇಳಬೇಡಿ.

ಮ್ಯಾಕ್ರೋ ಬೇಕಾದವರಿಗೆ ತಯಾರಕರ ಹೆಸರು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಟೋಕಿನಾದ 90 ಎಫ್/2.5 ತಾನಾಗಿ ಅರ್ಧ ಅಳತೆ, ಅಂದರೆ 1:2 ವರೆಗೆ ಮಾತ್ರ ಹೋಗುತ್ತದೆ. 1:1 ಬೇಕಾದರೆ ಅದರ ಜೊತೆಗೇ ಬರುತ್ತಿದ್ದ ಜೋಡಣೆ ಬೇಕು. ಹಳೇ ಲೆನ್ಸ್ ಮಾರುವವರು ಅದನ್ನು ಎಲ್ಲೋ ಕಳೆದಿರುತ್ತಾರೆ, ಮೊದಲೇ ಕೇಳಿ. ಕೋಮಿನೆಯ 90 ಎಫ್/2.8 ಮತ್ತು ಕಿನೋದ 105 ಎರಡೂ ಒಂಟಿಯಾಗಿಯೇ 1:1ಕ್ಕೆ ಹೋಗುತ್ತವೆ. ಕೋಮಿನೆಯದ್ದನ್ನು ಪನಾಗೋರ್ ಹೆಸರಿನಲ್ಲೂ ಹುಡುಕಿ. ಆ ಹೆಸರು ಗೊತ್ತಿರುವವರು ಕಡಿಮೆ, ಹಾಗಾಗಿ ಪೈಪೋಟಿಯೂ ಕಡಿಮೆ. ಹುಟ್ಟು ಪತ್ತೆ ಮಾಡುವ ಈ ಎಲ್ಲ ಒದ್ದಾಟಕ್ಕೆ ಕೂಲಿ ಸಿಗುವುದು ಇಂಥ ಕಡೆ. ಕೊಸಿನಾದ 100 ಎಫ್/3.5 ಪೂರ್ತಿ ಪ್ಲಾಸ್ಟಿಕ್, ಫೋಕಸ್ ಮಾಡಿದರೆ ಗೊರಗೊರ ಸದ್ದು. ವಿವಿಟಾರ್, ಫೀನಿಕ್ಸ್, ಸೋಲಿಗೋರ್, ಕೊನೆಗೆ ಪೆಂಟಾಕ್ಸ್ ಹೆಸರಿನಲ್ಲೂ ಬಂದಿದೆ. ಆ ಸದ್ದು ಸಹಿಸುವವರಿಗೆ ಚಿತ್ರ ಚೆನ್ನಾಗಿಯೇ ಬರುತ್ತದೆ.

ತಯಾರಕರನ್ನು ತಿಳಿಯುವುದರಿಂದ ಕಾಯಿಲೆಯೂ ತಿಳಿಯುತ್ತದೆ. ಕಿನೋ ಲೆನ್ಸ್‌ಗಳಲ್ಲಿ, ಅದರಲ್ಲೂ 28 ಎಫ್/2ರಲ್ಲಿ, ಅಪರ್ಚರ್ ಬ್ಲೇಡುಗಳಿಗೆ ಎಣ್ಣೆ ಹರಿದು ಬರುವುದು ಮಾಮೂಲು. ವಿವಿಟಾರ್ ಇದೇ 28 ಎಫ್/2ನ್ನು ಕಿನೋದಿಂದಲೂ ತಂದಿತು, ಕೋಮಿನೆಯಿಂದಲೂ ತಂದಿತು. ನಂಬರ್ 22 ಇದ್ದರೆ ಬ್ಲೇಡುಗಳ ಫೋಟೋ ಕೇಳದೆ ದುಡ್ಡು ಕೊಡಬೇಡಿ. ಕೈಗೆ ಸಿಕ್ಕಾಗ ಅಪರ್ಚರ್ ಪಿನ್ ಒತ್ತಿ ಬಿಡಿ. ಬ್ಲೇಡುಗಳು ಟಕ್ಕನೆ ಮುಚ್ಚಬೇಕು. ನಿಧಾನವಾಗಿ ತೆವಳಿದರೆ ಒಳಗೆ ಎಣ್ಣೆ ಇದೆ ಅಂತ ಅರ್ಥ.

ಇನ್ನು 135 ಎಫ್/2.8. ಆ ಕಾಲದಲ್ಲಿ ಇದನ್ನು ಮಾಡದ ಕಾರ್ಖಾನೆಯೇ ಇರಲಿಲ್ಲವೇನೋ ಅನ್ನಿಸುವಷ್ಟು ಸಿಗುತ್ತವೆ. ಲೆಕ್ಕ ಸರಳ, ಗಾಜುಗಳೂ ಕಡಿಮೆ. ಹಾಗಾಗಿ ಒಂದಕ್ಕೊಂದು ಹೆಚ್ಚು ವ್ಯತ್ಯಾಸ ಇಲ್ಲ. ಕೋಮಿನೆ ಮಾಡಿದ, 1:2 ವರೆಗೆ ಹತ್ತಿರ ಹೋಗುವ ವಿವಿಟಾರ್ 'ಕ್ಲೋಸ್ ಫೋಕಸಿಂಗ್' ಒಂದನ್ನು ಮಾತ್ರ ಹೆಸರು ಹಿಡಿದು ಹುಡುಕುತ್ತೇನೆ. ಉಳಿದ 135ಗಳ ಜಾತಕ ನಾನು ಬಿಡಿಸುವುದಿಲ್ಲ. ಗಾಜಿನೊಳಗೆ ಫಂಗಸ್ ಇಲ್ಲ, ಬ್ಲೇಡು ಒಣಗಿದೆ, ರಿಂಗ್ ನುಣ್ಣಗೆ ತಿರುಗುತ್ತದೆ ಅಂದರೆ ಚೀಲಕ್ಕೆ ಹಾಕಿಕೊಂಡು ಹೊರಡುವುದೇ.